ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಬಗೆ: ಹಂತ ಹಂತದ ಮಾರ್ಗದರ್ಶಿ

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಸಂಶೋಧನೆಯಲ್ಲಿ ಬಳಕೆಯಾಗುವ ಸೆಲ್ ಲೈನ್‌ಗಳಲ್ಲಿ (ಒಂದೇ ಮೂಲದಿಂದ ಪಡೆದು ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸಿಕೊಂಡು ಬಂದ ಕೋಶಗಳಲ್ಲಿ) ಹೆಚ್ಚಿನವು ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಬೆಳೆಯುವ, ವಿಶೇಷ ಆರೈಕೆಯನ್ನೇನೂ ಬೇಡದ ಕೋಶಗಳು. ಅವನ್ನು ಬದುಕಿಸಿಟ್ಟುಕೊಳ್ಳುವುದು ಹೊಸಬರಿಗೂ ಕೆಲವೇ ವಾರಗಳಲ್ಲಿ ಕೈಹಿಡಿಯುತ್ತದೆ. ಆರು ತಿಂಗಳ ಹಿಂದೆ ಪ್ರಯೋಗಕ್ಕೆ ಬಳಸಿದ ಕೋಶವೇ ಇಂದೂ ಫ್ಲಾಸ್ಕಿನಲ್ಲಿದೆ ಎಂದು ಪುರಾವೆಯೊಂದಿಗೆ ಹೇಳುವಂತಿರಬೇಕು ಎಂದಾಗ ಮಾತ್ರ ಕೆಲಸ ಕಠಿಣವಾಗುತ್ತದೆ. ಕೋಶಗಳನ್ನು ಆರಿಸುವಲ್ಲಿಂದ ಹಿಡಿದು ಹೆಪ್ಪುಗಟ್ಟಿಸಿ ಕೂಡಿಡುವವರೆಗಿನ ಹಂತಗಳನ್ನು ಆ ದೃಷ್ಟಿಯಿಂದಲೇ ಇಲ್ಲಿ ವಿವರಿಸಲಾಗಿದೆ.

ಮೊದಲ ಹಂತ: ಸೆಲ್ ಲೈನ್ ಆಯ್ಕೆ

ಫ್ರೀಜರಿನಲ್ಲಿ ಇದೆ ಎಂಬ ಕಾರಣಕ್ಕೇ ಒಂದು ಸೆಲ್ ಲೈನನ್ನು ಬಳಸುವ ರೂಢಿ ಬಹಳ ಕಡೆ ಇದೆ. ಪ್ರಶ್ನೆಗೆ ತಕ್ಕ ಕೋಶವನ್ನು ಹುಡುಕುವ ಬದಲು ಇರುವ ಕೋಶಕ್ಕೆ ಪ್ರಶ್ನೆಯನ್ನು ಹೊಂದಿಸಿಕೊಳ್ಳುವ ಈ ಪದ್ಧತಿ ಒಳ್ಳೆಯದಲ್ಲ. ಪ್ರತಿಯೊಂದು ಲೈನಿಗೂ ತನ್ನದೇ ಆದ ಜೀನ್ ದೋಷಗಳ ಗುಂಪು ಇರುತ್ತದೆ, ಔಷಧಕ್ಕೆ ಅದು ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದು ಬಹುಪಾಲು ಅದರಿಂದಲೇ ತೀರ್ಮಾನವಾಗುತ್ತದೆ.

ಎಚ್‌ಸಿಟಿ116 ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಲೈನ್‌ಗಳಲ್ಲಿ ಒಂದು. ಇದರಲ್ಲಿ ಕೋಶದ ಬೆಳವಣಿಗೆಗೆ ಸಂಕೇತ ಕೊಡುವ ಕೆಆರ್‌ಎಎಸ್ ಜೀನಿನ ಜಿ13ಡಿ ರೂಪಾಂತರವಿದೆ, ಗಡ್ಡೆ ತಡೆಯುವ ಪಿ53 ಪ್ರೋಟೀನಿನ ಜೀನಾದ ಟಿಪಿ53 ಮಾತ್ರ ಸಹಜ ಸ್ಥಿತಿಯಲ್ಲಿದೆ. ಎಂಎಲ್‌ಎಚ್1 ಎಂಬ ಜೀನ್ ಕೆಲಸ ಮಾಡದ ಕಾರಣ ಡಿಎನ್‌ಎ ಪ್ರತಿಯೆತ್ತುವಾಗ ಆಗುವ ತಪ್ಪುಗಳನ್ನು ಇದು ಸರಿಯಾಗಿ ತಿದ್ದಿಕೊಳ್ಳಲಾರದು. ಎಚ್‌ಟಿ-29 ಇದಕ್ಕಿಂತ ಬೇರೆಯೇ ಸ್ವಭಾವದ್ದು. 1964ರಲ್ಲಿ ಯೊರ್ಗೆನ್ ಫೋಗ್ ಅವರು 44 ವರ್ಷದ ಮಹಿಳೆಯೊಬ್ಬರ ಗಡ್ಡೆಯಿಂದ ಪಡೆದ ಈ ಕೋಶಗಳಲ್ಲಿ ಕೆಆರ್‌ಎಎಸ್ ಸಹಜವಾಗಿದ್ದು, ಬಿಆರ್‌ಎಎಫ್ ಜೀನಿನಲ್ಲಿ ವಿ600ಇ ರೂಪಾಂತರವಿದೆ, ಟಿಪಿ53 ಕೂಡ ಕೆಟ್ಟಿದೆ. ಆದ್ದರಿಂದ ಪಿ53 ಮೂಲಕ ಕೋಶವನ್ನು ಸಾಯಿಸುವ ಔಷಧವೊಂದನ್ನು ಎಚ್‌ಟಿ-29ರಲ್ಲಿ ಮಾತ್ರ ಪರೀಕ್ಷಿಸಿ ಪರಿಣಾಮವಿಲ್ಲವೆಂದು ಬರೆಯುವುದಕ್ಕೆ ಅರ್ಥವಿಲ್ಲ.

ಗಡ್ಡೆ ಹರಡುವ ಬಗೆಯನ್ನು ಅಧ್ಯಯನ ಮಾಡುವವರು ಎಸ್‌ಡಬ್ಲ್ಯು480 ಮತ್ತು ಎಸ್‌ಡಬ್ಲ್ಯು620 ಜೋಡಿಯನ್ನು ಆರಿಸುತ್ತಾರೆ, ಏಕೆಂದರೆ ಇವೆರಡೂ ಒಬ್ಬನೇ ರೋಗಿಯವು: ಮೊದಲನೆಯದು ಕರುಳಿನ ಮೂಲ ಗಡ್ಡೆಯದು, ಎರಡನೆಯದು ಒಂದು ವರ್ಷದ ನಂತರ ದುಗ್ಧಗ್ರಂಥಿಗೆ ಹರಡಿದ ಗಡ್ಡೆಯದು. ಕರುಳಿನ ಗೋಡೆಯ ಮೂಲಕ ಔಷಧ ಹೇಗೆ ಹೀರಲ್ಪಡುತ್ತದೆ ಎಂದು ನೋಡುವವರಿಗೆ ಕ್ಯಾಕೊ-2 ಬೇಕು. ಇನ್ನು ಡಿಎಲ್‌ಡಿ-1 ಮತ್ತು ಎಚ್‌ಸಿಟಿ-15 ಎಂಬ ಎರಡು ಲೈನ್‌ಗಳನ್ನು ಒಂದೇ ಪ್ರಯೋಗದಲ್ಲಿ ಸ್ವತಂತ್ರ ಮಾದರಿಗಳೆಂದು ಲೆಕ್ಕ ಹಿಡಿಯಬಾರದು. ಅವೆರಡೂ ಒಬ್ಬನೇ ವ್ಯಕ್ತಿಯಿಂದ ಬಂದವು ಎಂದು ಡಿಎನ್‌ಎ ಹೋಲಿಕೆ ತೋರಿಸಿದೆ. ಪ್ರತ್ಯೇಕ ಲೈನ್ ಎಂದು ಹೆಸರಾಗಿದ್ದ ವೈಡ್ರ್ ಕೂಡ ಎಚ್‌ಟಿ-29ರದೇ ಕವಲು. ಇಂತಹ ವಿಷಯಗಳನ್ನು ಸೆಲ್ಲೊಸಾರಸ್ ಎಂಬ ಮುಕ್ತ ದತ್ತಕೋಶದಲ್ಲಿ ಹತ್ತು ನಿಮಿಷ ಹುಡುಕಿದರೆ ತಿಳಿದುಕೊಳ್ಳಬಹುದು, ಮತ್ತು ಆ ಹತ್ತು ನಿಮಿಷ ಎಷ್ಟೋ ತಿಂಗಳ ಕೆಲಸವನ್ನು ಉಳಿಸುತ್ತದೆ.

ಕೋಶಗಳನ್ನು ಎಟಿಸಿಸಿ, ಇಸಿಎಸಿಸಿ, ಡಿಎಸ್‌ಎಂಜೆಡ್‌ನಂತಹ ಮಾನ್ಯ ಸಂಗ್ರಹಾಲಯಗಳಿಂದ ಅಥವಾ ಗುರುತಿನ ದಾಖಲೆ ಕೊಡಬಲ್ಲ ರಾಷ್ಟ್ರೀಯ ಕೇಂದ್ರಗಳಿಂದ ತರಿಸಿಕೊಳ್ಳುವುದು ಉತ್ತಮ. ಪಕ್ಕದ ಪ್ರಯೋಗಾಲಯದ ಸ್ನೇಹಿತರು ಕೊಟ್ಟ ಫ್ಲಾಸ್ಕನ್ನು ತೆಗೆದುಕೊಳ್ಳಲೇಬೇಕಾಗಿ ಬಂದರೆ, ಪರೀಕ್ಷೆಯ ಫಲಿತಾಂಶ ಬರುವ ತನಕ ಅದನ್ನು ಬೇರೆ ಇನ್‌ಕ್ಯುಬೇಟರಿನಲ್ಲಿ ಇರಿಸಬೇಕು.

ಎರಡನೆಯ ಹಂತ: ಮೀಡಿಯಂ ಮತ್ತು ಇನ್‌ಕ್ಯುಬೇಟರ್

ಮೀಡಿಯಂ ಎಂದರೆ ಕೋಶಗಳು ಬೆಳೆಯುವ ಪೋಷಕ ದ್ರವ. ಎಚ್‌ಸಿಟಿ116 ಮತ್ತು ಎಚ್‌ಟಿ-29ಕ್ಕೆ ಮೆಕಾಯ್ 5ಎ, ಡಿಎಲ್‌ಡಿ-1ಕ್ಕೆ ಆರ್‌ಪಿಎಂಐ 1640, ಲೊವೊ ಎಂಬ ಇನ್ನೊಂದು ಲೈನಿಗೆ ಎಫ್-12ಕೆ, ಕ್ಯಾಕೊ-2ಕ್ಕೆ ಇಎಂಇಎಂ ಎಂಬುದು ಎಟಿಸಿಸಿಯ ಶಿಫಾರಸು. ಕ್ಯಾಕೊ-2 ಬಿಟ್ಟು ಉಳಿದವಕ್ಕೆ ಶೇ 10ರಷ್ಟು ಕರುವಿನ ಭ್ರೂಣದ ಸೀರಮ್ ಸಾಕು, ಕ್ಯಾಕೊ-2ಕ್ಕೆ ಶೇ 20 ಬೇಕು. ಇಲ್ಲಿ ಒಂದು ಸಣ್ಣ ಲೆಕ್ಕ ಪದೇ ಪದೇ ತಪ್ಪುತ್ತದೆ: 500 ಮಿ.ಲೀ. ಬಾಟಲಿಗೆ 50 ಮಿ.ಲೀ. ಸೀರಮ್ ಸೇರಿಸಿದರೆ ಸಿಗುವುದು ಶೇ 9ರಷ್ಟು ಮಾತ್ರ. ಶೇ 10 ಬೇಕಾದರೆ 55 ಮಿ.ಲೀ.ಗಿಂತ ತುಸು ಹೆಚ್ಚು, ಶೇ 20 ಬೇಕಾದರೆ 125 ಮಿ.ಲೀ. ಸೇರಿಸಬೇಕು. ಒಂದೇ ಪ್ರಯೋಗಾಲಯದ ಇಬ್ಬರು ಎರಡು ಬಗೆಯಲ್ಲಿ ಬೆರೆಸುತ್ತಿದ್ದರೆ ಅವರ ಫಲಿತಾಂಶಗಳು ಹೊಂದದಿರುವುದಕ್ಕೆ ಇದೂ ಒಂದು ಕಾರಣವಾಗಬಹುದು. ಸೀರಮ್ ಪ್ರಾಣಿಜನ್ಯ ವಸ್ತುವಾದ್ದರಿಂದ ಒಂದು ಬ್ಯಾಚಿನಂತೆ ಇನ್ನೊಂದಿರುವುದಿಲ್ಲ. ದೊಡ್ಡ ಪ್ರಯೋಗಮಾಲೆಗೆ ಬೇಕಾಗುವಷ್ಟನ್ನು ಒಂದೇ ಬ್ಯಾಚಿನಿಂದ ಕೊಂಡು ಕೂಡಿಡಬೇಕು, ಬ್ಯಾಚ್ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.

ಇನ್‌ಕ್ಯುಬೇಟರ್ 37 ಡಿಗ್ರಿ ಸೆಲ್ಸಿಯಸ್, ಶೇ 5 ಇಂಗಾಲದ ಡೈಆಕ್ಸೈಡ್ ಮತ್ತು ತೇವ ತುಂಬಿದ ಗಾಳಿ ಎಂಬ ಸಾಮಾನ್ಯ ಸ್ಥಿತಿಯಲ್ಲಿರಲಿ. ಎಸ್‌ಡಬ್ಲ್ಯು480 ಮತ್ತು ಎಸ್‌ಡಬ್ಲ್ಯು620 ಮಾತ್ರ ಇದಕ್ಕೆ ಅಪವಾದ. ಇವನ್ನು ಮೊದಲಿನಿಂದಲೂ ಲೀಬೊವಿಟ್ಜ್ ಎಲ್-15 ಮೀಡಿಯಂನಲ್ಲಿ ಬೆಳೆಸಲಾಗಿದೆ. ಬೈಕಾರ್ಬೊನೇಟ್ ಇಲ್ಲದ, ಗ್ಲೂಕೋಸ್ ಬದಲು ಗ್ಯಾಲಕ್ಟೋಸ್ ಇರುವ ಈ ಮೀಡಿಯಂ ಸಾಮಾನ್ಯ ಗಾಳಿಯಲ್ಲಿ ತನ್ನ ಪಿಎಚ್ ಕಾಪಾಡಿಕೊಳ್ಳುವಂತೆ ರೂಪುಗೊಂಡಿದೆ. ಅದನ್ನು ಫಿಲ್ಟರ್ ಮುಚ್ಚಳದ ಫ್ಲಾಸ್ಕಿಗೆ ಹಾಕಿ ಶೇ 5ರ ಇನ್‌ಕ್ಯುಬೇಟರಿನಲ್ಲಿಟ್ಟರೆ ಮೀಡಿಯಂ ಹಳದಿಗೆ ತಿರುಗಿ ಹುಳಿಯಾಗುತ್ತದೆ, ಕೋಶಗಳು ಸೊರಗುತ್ತವೆ. ಇಟ್ಟವರು ಸೋಂಕೆಂದು ತಿಳಿದು ಒಳ್ಳೆಯ ಫ್ಲಾಸ್ಕನ್ನು ಎಸೆಯುತ್ತಾರೆ. ಇಂಗಾಲದ ಡೈಆಕ್ಸೈಡ್ ಇಲ್ಲದ ಇನ್‌ಕ್ಯುಬೇಟರ್ ಲಭ್ಯವಿಲ್ಲದಿದ್ದರೆ ಗಾಳಿಯಾಡದ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿಡಬಹುದು. ಎಷ್ಟೋ ಪ್ರಯೋಗಾಲಯಗಳು ಈ ಕೋಶಗಳನ್ನು ಡಿಎಂಇಎಂ ಅಥವಾ ಆರ್‌ಪಿಎಂಐಗೆ ಒಗ್ಗಿಸಿಕೊಂಡಿವೆ, ಅದರಲ್ಲಿ ತಪ್ಪೇನಿಲ್ಲ, ಆದರೆ ಹಾಗೆ ಮಾಡಿದ್ದನ್ನು ಪ್ರಬಂಧದಲ್ಲಿ ಹೇಳಬೇಕು. ಗ್ಯಾಲಕ್ಟೋಸಿನಿಂದ ಗ್ಲೂಕೋಸಿಗೆ ಬಂದ ಕೋಶದ ಚಯಾಪಚಯ ಮೊದಲಿನಂತೆಯೇ ಇರುತ್ತದೆಂದು ಭಾವಿಸಲಾಗದು.

ಮೂರನೆಯ ಹಂತ: ಸುರಕ್ಷತೆ

ಇವು ಮನುಷ್ಯರ ಕೋಶಗಳಾದ್ದರಿಂದ ಎರಡನೆಯ ಮಟ್ಟದ (ಬಿಎಸ್‌ಎಲ್-2) ಜೈವಿಕ ಸುರಕ್ಷತಾ ನಿಯಮಗಳನ್ನು ಪಾಲಿಸುವುದು ವಿವೇಕ. ಎರಡನೆಯ ವರ್ಗದ ಸುರಕ್ಷತಾ ಕ್ಯಾಬಿನೆಟ್, ಗವಸು, ಕೋಟು ಇವು ಕಡ್ಡಾಯ. ಕ್ಯಾಬಿನೆಟ್‌ನ ಮುಂಭಾಗದ ಜಾಲರಿಯ ಮೇಲೆ ನೋಟ್‌ಬುಕ್ ಇಟ್ಟರೆ ಗಾಳಿಯ ಪರದೆ ಮುರಿಯುತ್ತದೆ. ಒಂದು ಸಲಕ್ಕೆ ಒಂದೇ ಸೆಲ್ ಲೈನನ್ನು ಒಳಗೆ ತರಬೇಕು, ಪ್ರತಿ ಲೈನಿಗೂ ಪ್ರತ್ಯೇಕ ಮೀಡಿಯಂ ಬಾಟಲಿ ಇರಬೇಕು. ಒಂದೇ ಬಾಟಲಿಯಿಂದ ಎರಡು ಲೈನಿಗೆ ಮೀಡಿಯಂ ಹಾಕುವುದೇ ಕೋಶಗಳು ಬೆರಕೆಯಾಗುವ ಅತಿ ಸುಲಭದ ದಾರಿ.

ನಾಲ್ಕನೆಯ ಹಂತ: ಹೆಪ್ಪುಗಟ್ಟಿದ ಕೋಶಗಳನ್ನು ಕರಗಿಸುವುದು

ದ್ರವ ಸಾರಜನಕದಿಂದ ವಯಲ್ (ಕೋಶ ತುಂಬಿದ ಪುಟ್ಟ ಕೊಳವೆ) ತೆಗೆಯುವಾಗ ಮುಖಕವಚ ಧರಿಸಿರಬೇಕು, ಏಕೆಂದರೆ ಒಳಗೆ ನುಸುಳಿದ ದ್ರವ ಸಾರಜನಕ ಒಮ್ಮೆಲೇ ಅನಿಲವಾಗಿ ಹಿಗ್ಗಿದರೆ ವಯಲ್ ಸಿಡಿಯುತ್ತದೆ. ಮೀಡಿಯಂ ಮೊದಲೇ ಬೆಚ್ಚಗಾಗಿರಲಿ, ಫ್ಲಾಸ್ಕಿನ ಮೇಲೆ ಹೆಸರು, ದಿನಾಂಕ, ಪ್ಯಾಸೇಜ್ ಸಂಖ್ಯೆ (ಕೋಶಗಳನ್ನು ಎಷ್ಟು ಬಾರಿ ಬಿಡಿಸಿ ಹೊಸ ಫ್ಲಾಸ್ಕಿಗೆ ಹಾಕಲಾಗಿದೆ ಎಂಬ ಲೆಕ್ಕ) ಮೊದಲೇ ಬರೆದಿರಲಿ. ವಯಲನ್ನು 37 ಡಿಗ್ರಿ ನೀರಿನಲ್ಲಿ, ಮುಚ್ಚಳ ನೀರಿಗೆ ಸೋಕದಂತೆ ಹಿಡಿದು ಮೆಲ್ಲಗೆ ಅಲುಗಿಸಿದರೆ ಒಂದೆರಡು ನಿಮಿಷಗಳಲ್ಲಿ ಅದು ಕರಗುತ್ತದೆ. ಅಕ್ಕಿಕಾಳಿನಷ್ಟು ಮಂಜುಗಡ್ಡೆ ಉಳಿದಿರುವಾಗಲೇ ಹೊರತೆಗೆದು, ಶೇ 70 ಆಲ್ಕೋಹಾಲಿನಿಂದ ಒರೆಸಿ ಕ್ಯಾಬಿನೆಟ್‌ಗೆ ಒಯ್ಯಬೇಕು.

ಕರಗಿಸುವುದು ಬೇಗ ಆಗಬೇಕು, ಮೀಡಿಯಂ ಬೆರೆಸುವುದು ನಿಧಾನವಾಗಬೇಕು. ಹೆಪ್ಪುಗಟ್ಟಿಸುವಾಗ ಕೋಶವನ್ನು ಕಾಪಾಡಲು ಬೆರೆಸಿದ ಡಿಎಂಎಸ್‌ಒ ಎಂಬ ದ್ರಾವಕ ಕೋಶದೊಳಗೆ ತುಂಬಿರುವುದರಿಂದ ಒಮ್ಮೆಲೇ ಮೀಡಿಯಂ ಸುರಿದರೆ ನೀರು ಒಳನುಗ್ಗಿ ಕೋಶ ಉಬ್ಬಿ ಒಡೆಯಬಹುದು. ಮೊದಲ ಒಂದು ಮಿ.ಲೀ.ಯನ್ನು ಹನಿಹನಿಯಾಗಿ, ಉಳಿದ ಎಂಟನ್ನು ಸ್ವಲ್ಪ ವೇಗವಾಗಿ ಸೇರಿಸಿ, 200 ಜಿ ಬಲದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ತಳದಲ್ಲಿ ಕೂತ ಕೋಶಗಳನ್ನು ಹೊಸ ಮೀಡಿಯಂನಲ್ಲಿ ಬೆರೆಸಿ ಟಿ25 ಫ್ಲಾಸ್ಕಿಗೆ (ತಳ 25 ಚದರ ಸೆಂಟಿಮೀಟರ್) ಹಾಕಬೇಕು. ಮರುದಿನ ನೋಡಿದಾಗ ಎಚ್‌ಸಿಟಿ116 ಬಹುಪಾಲು ಅಂಟಿಕೊಂಡಿರುತ್ತದೆ. ಕ್ಯಾಕೊ-2 ಮಾತ್ರ ಎರಡು ಮೂರು ದಿನ ಪೆಚ್ಚಾಗಿ ಕೂತಿರುವುದುಂಟು. ಆಗ ಗಾಬರಿಯಿಂದ ದಿನಕ್ಕೆರಡು ಸಲ ಫ್ಲಾಸ್ಕ್ ತೆಗೆದು ನೋಡುವುದರಿಂದ ಉಷ್ಣಾಂಶ ಏರುಪೇರಾಗುವುದೇ ಹೊರತು ಮತ್ತೇನೂ ಲಾಭವಿಲ್ಲ.

ಐದನೆಯ ಹಂತ: ಬಿಡಿಸಿ ಬೇರೆ ಫ್ಲಾಸ್ಕಿಗೆ ಹಾಕುವುದು

ಇದೇ ವಾರಕ್ಕೆ ಎರಡು ಮೂರು ಬಾರಿ ಮಾಡುವ ಕೆಲಸವಾದ್ದರಿಂದ, ಹಾಗೂ ಕೋಶಗಳ ಸ್ವಭಾವ ಮೆಲ್ಲಗೆ ಬದಲಾಗುವುದು ಇಲ್ಲಿಯೇ ಆದ್ದರಿಂದ, ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ.

ಫ್ಲಾಸ್ಕಿನ ತಳ ಶೇ 70ರಿಂದ 80ರಷ್ಟು ತುಂಬಿದಾಗ ಕೋಶಗಳನ್ನು ಬಿಡಿಸಬೇಕು. ಪೂರ್ತಿ ತುಂಬುವ ತನಕ ಬಿಟ್ಟರೆ ಎಚ್‌ಸಿಟಿ116 ಒಂದರ ಮೇಲೊಂದು ಹತ್ತಿ ಬೆಳೆಯುತ್ತದೆ, ಕ್ಯಾಕೊ-2 ಬೆಳವಣಿಗೆ ನಿಲ್ಲಿಸಿ ಪ್ರೌಢ ಕರುಳುಕೋಶದ ರೂಪ ತಾಳತೊಡಗುತ್ತದೆ. ಮತ್ತೆ ಮತ್ತೆ ಹೀಗಾಗುತ್ತಿದ್ದರೆ ಕೆಲವು ವಾರಗಳಲ್ಲಿ ಫ್ಲಾಸ್ಕಿನಲ್ಲಿರುವುದು ಬೇರೊಂದು ಕೋಶಸಮೂಹವೇ ಆಗಿಬಿಡಬಹುದು.

ಹಳೆಯ ಮೀಡಿಯಂ ತೆಗೆದ ಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಪಿಬಿಎಸ್ ಎಂಬ ಲವಣದ್ರಾವಣದಿಂದ ಎರಡು ಬಾರಿ ತೊಳೆಯಬೇಕು. ಇದನ್ನು ಬಿಟ್ಟುಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಉಳಿದ ಸೀರಮ್, ಕೋಶಗಳನ್ನು ತಳದಿಂದ ಬಿಡಿಸುವ ಕಿಣ್ವವಾದ ಟ್ರಿಪ್ಸಿನ್ನನ್ನು ತಡೆಯುತ್ತದೆ, ಉಳಿದ ಕ್ಯಾಲ್ಸಿಯಂ ಕೋಶಗಳು ಒಂದಕ್ಕೊಂದು ಹಿಡಿದಿರುವ ಬೆಸುಗೆಯನ್ನು ಸಡಿಲವಾಗಲು ಬಿಡುವುದಿಲ್ಲ. ನಂತರ ಟಿ75 ಫ್ಲಾಸ್ಕಿಗೆ ಎರಡು ಮೂರು ಮಿ.ಲೀ.ನಷ್ಟು, ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಬೆರೆತ ಶೇ 0.25ರ ಟ್ರಿಪ್ಸಿನ್ ಹಾಕಿ 37 ಡಿಗ್ರಿಯಲ್ಲಿಡಬೇಕು.

ಗಡಿಯಾರಕ್ಕಿಂತ ಸೂಕ್ಷ್ಮದರ್ಶಕವನ್ನು ನಂಬಬೇಕು. ಎಚ್‌ಸಿಟಿ116ರಲ್ಲಿ ಮೂರು ನಾಲ್ಕು ನಿಮಿಷಗಳೊಳಗೆ ಕೋಶಗಳ ಅಂಚು ಹೊಳೆಯತೊಡಗುತ್ತದೆ, ಚಪ್ಪಟೆಯಾಗಿದ್ದವು ದುಂಡಾಗುತ್ತವೆ, ಫ್ಲಾಸ್ಕನ್ನು ಓರೆ ಮಾಡಿದರೆ ಸಣ್ಣ ಮರಳಿನಂತೆ ಜಾರುತ್ತವೆ. ಎಚ್‌ಟಿ-29 ಹಾಗಲ್ಲ. ಅದು ಮೊದಲು ದ್ವೀಪ ದ್ವೀಪವಾಗಿಯೇ ಮೇಲೇಳುತ್ತದೆ. ಇಡೀ ಗುಂಪು ತಳ ಬಿಟ್ಟು ಹಾಳೆಯಂತೆ ತೇಲಿದರೂ ಗುಂಪಿನೊಳಗಿನ ಕೋಶಗಳು ಒಂದನ್ನೊಂದು ಬಿಟ್ಟಿರುವುದಿಲ್ಲ. ಕೋಶಗಳು ತೇಲಿದವೆಂದು ಆಗಲೇ ಮೀಡಿಯಂ ಸುರಿದರೆ ಟ್ರಿಪ್ಸಿನ್ ನಿಂತುಹೋಗಿ ಗಂಟುಗಳು ಗಂಟುಗಳಾಗಿಯೇ ಉಳಿಯುತ್ತವೆ, ಎಣಿಕೆ ತಪ್ಪುತ್ತದೆ, ಪ್ಲೇಟಿನ ಒಂದು ಬಾವಿಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ಇನ್ನೆರಡು ಮೂರು ನಿಮಿಷ ಕಾದು, ಗುಂಪುಗಳ ನಡುವೆ ಬಿರುಕು ಮೂಡಿದ್ದನ್ನು ಕಂಡ ಮೇಲೆ ಸೀರಮ್ ಇರುವ ಮೀಡಿಯಂ ಅನ್ನು ಟ್ರಿಪ್ಸಿನ್ನಿನ ಎರಡು ಪಟ್ಟು ಪ್ರಮಾಣದಲ್ಲಿ ಹಾಕಿ, 5 ಮಿ.ಲೀ. ಪೈಪೆಟ್ಟಿನ ತುದಿಯನ್ನು ತಳದ ಹತ್ತಿರ ಹಿಡಿದು ಏಳೆಂಟು ಬಾರಿ ಮೆಲ್ಲಗೆ ಎಳೆದು ಬಿಡಬೇಕು. ಫ್ಲಾಸ್ಕನ್ನು ಬಡಿದು ಕೋಶ ಬಿಡಿಸುವವರು ಗಂಟುಗಳನ್ನು ತಾವಾಗಿಯೇ ತಂದುಕೊಳ್ಳುತ್ತಾರೆ. ಗಂಟುಗಳು ಉಳಿದೇ ಇದ್ದರೆ 40 ಮೈಕ್ರೊಮೀಟರ್ ಜರಡಿಯಲ್ಲಿ ಸೋಸಬಹುದು.

ಅಂಟಿಕೊಳ್ಳದೆ ತೇಲುವ ಕೋಶಗಳೆಲ್ಲ ಸತ್ತಿರುತ್ತವೆ ಎಂದು ಎಲ್ಲ ಲೈನಿಗೂ ಅನ್ವಯಿಸಿ ಹೇಳಲಾಗದು. ಹೊಟ್ಟೆಯಲ್ಲಿ ತುಂಬಿಕೊಂಡ ದ್ರವದಿಂದ ಪಡೆದ ಕೊಲೊ 205 ಅರೆಪಾಲು ಅಂಟಿ, ಅರೆಪಾಲು ತೇಲಿ ಬೆಳೆಯುತ್ತದೆ. ಅದರ ಮೀಡಿಯಂ ಬದಲಿಸುವಾಗ ತೇಲುವ ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ ಮರಳಿ ಸೇರಿಸಬೇಕು.

ಎಣಿಕೆಗೆ 0.4 ಶೇಕಡಾ ಟ್ರಿಪಾನ್ ಬ್ಲೂ ಬಣ್ಣ ಮತ್ತು ಕೋಶದ್ರಾವಣವನ್ನು ಸಮಭಾಗ ಬೆರೆಸಿ ಹೀಮೊಸೈಟೊಮೀಟರ್ ಎಂಬ ಚೌಕಗೆರೆಯ ಎಣಿಕೆ ಗಾಜಿನಲ್ಲಿ ನೋಡಬೇಕು. ಬಣ್ಣ ಹೀರದ, ಹೊಳೆಯುವ ಕೋಶಗಳು ಬದುಕಿರುವವು. ನಾಲ್ಕು ಮೂಲೆಯ ಚೌಕಗಳಲ್ಲಿ ಒಟ್ಟು 220 ಜೀವಂತ ಕೋಶಗಳಿದ್ದರೆ ಸರಾಸರಿ 55. ಅದನ್ನು ಎರಡರಿಂದ, ಬಳಿಕ 10,000ದಿಂದ ಗುಣಿಸಿದರೆ ಪ್ರತಿ ಮಿ.ಲೀ.ಗೆ 11 ಲಕ್ಷ ಕೋಶಗಳು. ಚದರ ಸೆಂಟಿಮೀಟರಿಗೆ 20,000ದಂತೆ ಟಿ75 ಫ್ಲಾಸ್ಕಿಗೆ 15 ಲಕ್ಷ ಬೇಕು, ಅಂದರೆ 1.36 ಮಿ.ಲೀ. ಎಚ್‌ಸಿಟಿ116 ಸುಮಾರು 20 ಗಂಟೆಗೊಮ್ಮೆ ದ್ವಿಗುಣಗೊಳ್ಳುವುದರಿಂದ ಮೂರನೆಯ ದಿನದ ಹೊತ್ತಿಗೆ ಆ ಫ್ಲಾಸ್ಕ್ ಮತ್ತೆ ಬಿಡಿಸುವ ಹಂತಕ್ಕೆ ಬರುತ್ತದೆ. ಕ್ಯಾಕೊ-2ಕ್ಕೆ ಅದರ ಸುಮಾರು ಮೂರು ಪಟ್ಟು ಸಮಯ ಹಿಡಿಯುತ್ತದೆ. ಮೂರಕ್ಕೆ ಒಂದು, ಆರಕ್ಕೆ ಒಂದು ಎಂದು ಅಂದಾಜಿನಲ್ಲಿ ಹಂಚುವ ಪದ್ಧತಿ ಕೋಶಗಳನ್ನು ಬದುಕಿಸಿಡಲು ಸಾಕು, ಪ್ರಯೋಗಕ್ಕೆ ಸಾಲದು. ಔಷಧ ಪರೀಕ್ಷೆಯಲ್ಲಿ ಮೊದಲ ದಿನದ ಕೋಶಸಂಖ್ಯೆ ಬದಲಾದರೆ ಕೊನೆಯ ಅಂಕಿಯೂ ಬದಲಾಗುತ್ತದೆ.

ಆರನೆಯ ಹಂತ: ಹೆಪ್ಪುಗಟ್ಟಿಸಿ ಕೂಡಿಡುವುದು

ಹೊಸ ಕೋಶಗಳು ಕೈಸೇರಿದ ಮೊದಲ ಎರಡು ಮೂರು ಪ್ಯಾಸೇಜ್‌ಗಳಲ್ಲೇ ಈ ಕೆಲಸ ಮುಗಿಯಬೇಕು. ಮೊದಲು ಒಂದು ಮೂಲ ಸಂಗ್ರಹ, ಅದರ ಒಂದು ವಯಲಿನಿಂದ ಬಳಕೆಯ ಸಂಗ್ರಹ ಎಂದು ಎರಡು ಹಂತ ಇಟ್ಟುಕೊಂಡರೆ ಮೂಲ ಸಂಗ್ರಹವನ್ನು ವರ್ಷಗಟ್ಟಲೆ ಮುಟ್ಟಬೇಕಾಗುವುದಿಲ್ಲ. ಚುರುಕಾಗಿ ಬೆಳೆಯುತ್ತಿರುವ, ಶೇ 90ಕ್ಕಿಂತ ಹೆಚ್ಚು ಜೀವಂತವಾಗಿರುವ ಕೋಶಗಳನ್ನು ಮಾತ್ರ ಆರಿಸಿ, ಪ್ರತಿ ಮಿ.ಲೀ.ಗೆ 10ರಿಂದ 20 ಲಕ್ಷದಂತೆ, ಶೇ 5ರಿಂದ 10 ಡಿಎಂಎಸ್‌ಒ ಇರುವ ಸೀರಮ್‌ಯುಕ್ತ ಮೀಡಿಯಂನಲ್ಲಿ ಬೆರೆಸಬೇಕು. ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸುವ ಡಬ್ಬಿಯಲ್ಲಿಟ್ಟು ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಒಂದು ರಾತ್ರಿ ಇರಿಸಿ, ಮರುದಿನ ದ್ರವ ಸಾರಜನಕದ ಆವಿಗೆ ಸಾಗಿಸಬೇಕು. ಮೈನಸ್ 80ರಲ್ಲೇ ತಿಂಗಳುಗಟ್ಟಲೆ ಮರೆತರೆ ಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುತ್ತವೆ. ಒಂದು ವಾರದ ನಂತರ ಒಂದು ವಯಲನ್ನು ಕರಗಿಸಿ ನೋಡದ ಸಂಗ್ರಹವನ್ನು ಸಂಗ್ರಹವೆಂದು ಕರೆಯಲಾಗದು.

ಏಳನೆಯ ಹಂತ: ಗುರುತು ಮತ್ತು ಸೋಂಕಿನ ಪರೀಕ್ಷೆ

1966ರಲ್ಲಿ ಸ್ಟಾನ್ಲಿ ಗಾರ್ಟ್ಲರ್ ಅವರು ಬೇರೆ ಬೇರೆ ಹೆಸರಿನ ಹಲವು ಸೆಲ್ ಲೈನ್‌ಗಳಲ್ಲಿ ವಾಸ್ತವವಾಗಿ ಇದ್ದದ್ದು ಗರ್ಭಕಂಠದ ಕ್ಯಾನ್ಸರಿನಿಂದ ಬಂದ ಹೀಲಾ ಕೋಶಗಳು ಎಂಬ ಸೂಚನೆಯನ್ನು ಮುಂದಿಟ್ಟಾಗ ಬಹಳಷ್ಟು ಸಂಶೋಧಕರಿಗೆ ಅದು ಹಿಡಿಸಲಿಲ್ಲ. ಇಂದು ಆ ವಿವಾದಕ್ಕೆ ಎಡೆಯಿಲ್ಲ. ಡಿಎನ್‌ಎಯಲ್ಲಿನ ಪುಟ್ಟ ಪುನರಾವರ್ತನೆಗಳ ಉದ್ದ ನೋಡುವ ಎಸ್‌ಟಿಆರ್ ಎಂಬ ಡಿಎನ್‌ಎ ಬೆರಳಚ್ಚಿನ ಪರೀಕ್ಷೆಯಲ್ಲಿ ದಾಖಲಿತ ಮಾದರಿಯೊಂದಿಗೆ ಶೇ 80 ಅಥವಾ ಹೆಚ್ಚು ಹೊಂದಿಕೆಯಾದರೆ ಅದೇ ಮೂಲದ ಕೋಶವೆಂದು ಒಪ್ಪಲಾಗುತ್ತದೆ. ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಒಂದು ತೊಡಕಿದೆ: ಎಚ್‌ಸಿಟಿ116, ಡಿಎಲ್‌ಡಿ-1, ಲೊವೊ, ಆರ್‌ಕೆಒ ಇವುಗಳಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿರುವುದರಿಂದ, ಪರೀಕ್ಷೆಗೆ ಆಧಾರವಾದ ಆ ಪುಟ್ಟ ಪುನರಾವರ್ತನೆಗಳೇ ಪ್ಯಾಸೇಜ್ ಹೆಚ್ಚಿದಂತೆ ಉದ್ದ ಗಿಡ್ಡವಾಗುತ್ತವೆ. ಹಾಗಾಗಿ ಇಂತಹ ಲೈನಿನಲ್ಲಿ ಶೇ 100 ಹೊಂದಿಕೆ ಬಾರದಿದ್ದರೆ ಕೂಡಲೇ ಬೆರಕೆಯೆಂದು ತೀರ್ಮಾನಿಸದೆ, ವ್ಯತ್ಯಾಸವು ಒಂದೆರಡು ಪುನರಾವರ್ತನೆಯ ಅಂತರದ್ದೋ ಅಥವಾ ಇನ್ನೊಂದು ವ್ಯಕ್ತಿಯ ಸಂಪೂರ್ಣ ಗುರುತು ಬೆರೆತಿದೆಯೋ ಎಂದು ಪಟ್ಟಿಯನ್ನು ಸಾಲು ಸಾಲಾಗಿ ಓದಬೇಕು. ಈ ತೊಡಕು ಕಡಿಮೆ ಪ್ಯಾಸೇಜ್‌ನಲ್ಲಿ ಕೆಲಸ ಮಾಡುವುದಕ್ಕೂ ಬಲವಾದ ಕಾರಣ. ಕರಗಿಸಿದಲ್ಲಿಂದ 15ರಿಂದ 20 ಪ್ಯಾಸೇಜ್‌ಗೆ ನಿಲ್ಲಿಸಿ ಹೊಸ ವಯಲ್ ತೆಗೆಯುವುದು ಒಳ್ಳೆಯ ಮಿತಿ.

ಮೈಕೋಪ್ಲಾಸ್ಮಾ ಎಂಬ ಅತಿ ಪುಟ್ಟ ಬ್ಯಾಕ್ಟೀರಿಯಾದ ಸೋಂಕು ಇನ್ನೂ ಕಪಟಿ. ಬೇರೆ ಬ್ಯಾಕ್ಟೀರಿಯಾ ಬಂದರೆ ಮೀಡಿಯಂ ಕಲಕಾಗಿ ಹಳದಿಯಾಗುತ್ತದೆ, ಬೂಷ್ಟು ಬಂದರೆ ಎಳೆಗಳು ಕಾಣುತ್ತವೆ. ಇದು ಬಂದರೆ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುವುದಿಲ್ಲ. ಕೋಶಭಿತ್ತಿ ಇಲ್ಲದ ಕಾರಣ ಪೆನಿಸಿಲಿನ್ ಇದನ್ನು ಮುಟ್ಟಲಾರದು, ಬಾಗುವ ಪುಟ್ಟ ದೇಹದಿಂದಾಗಿ 0.22 ಮೈಕ್ರೊಮೀಟರ್ ಫಿಲ್ಟರಿನಲ್ಲೂ ನುಸುಳಬಲ್ಲದು. ಕರುಳಿನ ಕ್ಯಾನ್ಸರ್ ಔಷಧಗಳ ಮೇಲೆ ಕೆಲಸ ಮಾಡುವವರು ಇದಕ್ಕೆ ಹೆಚ್ಚು ಹೆದರಬೇಕು: ಮೈಕೋಪ್ಲಾಸ್ಮಾ ಹೈಯೊರೈನಿಸ್‌ನ ಥೈಮಿಡಿನ್ ಫಾಸ್ಫೊರಿಲೇಸ್ ಎಂಬ ಕಿಣ್ವವು ಟ್ರೈಫ್ಲುರಿಡಿನ್‌ನಂತಹ ನ್ಯೂಕ್ಲಿಯೊಸೈಡ್ ಔಷಧಗಳನ್ನು ಒಡೆದುಹಾಕುತ್ತದೆ. ಆಗ ಕ್ಯಾನ್ಸರ್ ಕೋಶವೇ ಔಷಧಕ್ಕೆ ಜಗ್ಗದಂತಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ತಿಂಗಳಿಗೊಮ್ಮೆ ಪಿಸಿಆರ್ ಪರೀಕ್ಷೆ ಮಾಡಬೇಕು. ಮಾದರಿ ತೆಗೆಯುವ ಮೊದಲು ಕೋಶಗಳು ಕೆಲವು ದಿನ ಆಂಟಿಬಯಾಟಿಕ್ ಇಲ್ಲದ ಮೀಡಿಯಂನಲ್ಲಿದ್ದರೆ ಫಲಿತಾಂಶ ನಂಬಲರ್ಹ. ನಿತ್ಯದ ಬೆಳೆಸುವಿಕೆಗೂ ಆಂಟಿಬಯಾಟಿಕ್ ಬೇಡ ಎಂಬುದು ನನ್ನ ನಿಲುವು, ಏಕೆಂದರೆ ಅದು ಕೈಚಳಕದ ದೋಷವನ್ನು ಮುಚ್ಚಿಡುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಸೋಂಕು ಖಚಿತವಾದರೆ ಆ ಫ್ಲಾಸ್ಕನ್ನು ಎಸೆದು, ಅದು ಇದ್ದ ಇನ್‌ಕ್ಯುಬೇಟರನ್ನು ಶುಚಿಗೊಳಿಸಿ, ಜೊತೆಯಲ್ಲಿದ್ದ ಎಲ್ಲ ಲೈನ್‌ಗಳನ್ನೂ ಪರೀಕ್ಷಿಸಬೇಕು.

ಕ್ಯಾಕೊ-2 ಪದರ ಬೆಳೆಸುವವರಿಗೆ

ಕ್ಯಾಕೊ-2 ಕೋಶಗಳು ತಳ ತುಂಬಿದ ಮೇಲೆ ವಿಭಜನೆ ನಿಲ್ಲಿಸಿ, ಸುಮಾರು 21 ದಿನಗಳಲ್ಲಿ ಸಣ್ಣ ಕರುಳಿನ ಒಳಪದರವನ್ನು ಹೋಲುವ ಬಿಗಿಯಾದ ಹಾಸಾಗುತ್ತವೆ. ರಂಧ್ರವುಳ್ಳ ಪೊರೆಯ ಇನ್ಸರ್ಟ್‌ಗೆ (ಪ್ಲೇಟಿನ ಬಾವಿಯೊಳಗೆ ಕೂರುವ ಪುಟ್ಟ ಬಟ್ಟಲಿಗೆ) ಚದರ ಸೆಂಟಿಮೀಟರಿಗೆ 60,000ದಿಂದ ಒಂದು ಲಕ್ಷದಂತೆ ಹಾಕಿ, ಮೇಲಿನ ಮತ್ತು ಕೆಳಗಿನ ಮೀಡಿಯಂ ಎರಡನ್ನೂ ದಿನ ಬಿಟ್ಟು ದಿನ ಬದಲಿಸಬೇಕು; ಪೈಪೆಟ್ಟಿನ ತುದಿ ಪೊರೆಗೆ ತಾಗಿದರೆ ಮೂರು ವಾರದ ಶ್ರಮ ಆ ಒಂದು ತೂತಿನಲ್ಲಿ ಸೋರಿಹೋಗುತ್ತದೆ. ಇದೇ ಕೋಶಗಳು ಪ್ಲಾಸ್ಟಿಕ್ ಫ್ಲಾಸ್ಕಿನಲ್ಲಿ ಬೆಳೆದಾಗ ಅಲ್ಲಲ್ಲಿ ಗುಮ್ಮಟದಂತೆ ಮೇಲೆದ್ದು ಕಾಣುವುದುಂಟು. ಹೊಸಬರು ಅದನ್ನು ಕೋಶಗಳು ಕಿತ್ತುಬರುತ್ತಿವೆ ಎಂದುಕೊಳ್ಳುತ್ತಾರೆ, ಆದರೆ ಕೋಶಗಳು ಲವಣ ಮತ್ತು ನೀರನ್ನು ಮೇಲಿನಿಂದ ಕೆಳಕ್ಕೆ ಸಾಗಿಸುತ್ತಿರುವುದರಿಂದ ಆ ದ್ರವ ಅಡಿಯಲ್ಲಿ ಸಿಕ್ಕಿಕೊಂಡು ಹಾಸನ್ನು ಎತ್ತಿರುತ್ತದೆ. ಪದರ ಬಿಗಿಯಾಗಿದೆ ಎಂಬುದಕ್ಕೆ ಅದೇ ಲಕ್ಷಣ.

ಇನ್ಸರ್ಟಿನಲ್ಲಿ ಬಿಗಿತವನ್ನು ವಿದ್ಯುತ್ ಪ್ರತಿರೋಧದಿಂದ ಅಳೆಯುತ್ತಾರೆ. ಕೋಶವಿರುವ ಇನ್ಸರ್ಟ್ 420 ಓಮ್, ಖಾಲಿ ಇನ್ಸರ್ಟ್ 120 ಓಮ್ ತೋರಿಸಿದರೆ ವ್ಯತ್ಯಾಸವಾದ 300ನ್ನು ಪೊರೆಯ ವಿಸ್ತೀರ್ಣವಾದ 1.12 ಚದರ ಸೆಂಟಿಮೀಟರಿನಿಂದ ಗುಣಿಸಬೇಕು; ಉತ್ತರ 336 ಓಮ್-ಚದರ ಸೆಂಟಿಮೀಟರ್. ಕೆಲವರು ಗುಣಿಸುವ ಬದಲು ಭಾಗಿಸಿ ವರದಿ ಮಾಡುತ್ತಾರೆ, ಅದು ತಪ್ಪು. ಇನ್‌ಕ್ಯುಬೇಟರಿನಿಂದ ಹೊರತೆಗೆದ ಪ್ಲೇಟ್ ತಣಿಯುತ್ತಿದ್ದಂತೆ ಪ್ರತಿರೋಧ ಏರುವುದರಿಂದ, ಪ್ರತಿ ಬಾರಿಯೂ ಒಂದೇ ಉಷ್ಣಾಂಶದಲ್ಲಿ ಅಳೆಯಬೇಕು.

ಬಳಸಿದ ಮೀಡಿಯಂ ಮತ್ತು ಕೋಶಗಳನ್ನು ಚರಂಡಿಗೆ ಚೆಲ್ಲುವ ಮೊದಲು ಹತ್ತನೇ ಒಂದು ಭಾಗದಷ್ಟು ಬ್ಲೀಚ್ ದ್ರಾವಣ ಬೆರೆಸಿ ಅರ್ಧ ಗಂಟೆ ಬಿಡಬೇಕು. ಫ್ಲಾಸ್ಕು, ಪೈಪೆಟ್ಟುಗಳಂತಹ ಘನ ತ್ಯಾಜ್ಯವನ್ನು ಆಟೋಕ್ಲೇವ್ ಮಾಡಬೇಕು. ಬ್ಲೀಚ್ ಬೆರೆತದ್ದನ್ನು ಮಾತ್ರ ಎಂದೂ ಆಟೋಕ್ಲೇವಿಗೆ ಹಾಕಬಾರದು, ಬಿಸಿಗೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.